ಫ್ರಾನ್ಸಿನ ಬ್ಲೌಸು, ಕೋಲಾರದ ಜಾಕೀಟು

ಕೋಲಾರದ ಯಾವುದಾದರೂ ಪೇಟೆಬೀದಿಯಲ್ಲಿ ನಿಂತು ಹೊಲಿಗೆ ಅಂಗಡಿಯ ಬೋರ್ಡನ್ನು ಮೇಲಿನಿಂದ ಕೆಳಕ್ಕೆ ಓದಿ ನೋಡಿ. ‘ಲೇಡೀಸ್ ಟೈಲರ್’ ಎಂಬುದು ದೊಡ್ಡಕ್ಷರದಲ್ಲಿ. ಅದರಡಿ ‘ಬ್ಲೌಸ್, ಫ್ರಾಕ್, ಚೂಡಿದಾರ್ ಹೊಲಿದುಕೊಡಲಾಗುವುದು’. ಮೂಲೆಯಲ್ಲಿ ‘ಫಾಲ್, ಪೀಕೋ, ಜಿಗ್‌ಜಾಗ್’. ಅಂಗಡಿ ಕೊಂಚ ಹೊಸದಾಗಿದ್ದರೆ ಎಲ್ಲಕ್ಕೂ ಮೇಲೆ ‘ಬೊಟಿಕ್’ ಎಂಬ ಕಿರೀಟ. ಲಿಪಿ ಕನ್ನಡದ್ದು. ಒಳಗೆ ನಡೆಯುವ ಮಾತು ಅರ್ಧ ಕನ್ನಡ, ಅರ್ಧ ತೆಲುಗು, ನಡುನಡುವೆ ಉರ್ದು. ಆದರೆ ಬೋರ್ಡಿನ ಮೇಲಿನ ಪದಗಳಲ್ಲಿ ಹೆಚ್ಚಿನವು ಹುಟ್ಟಿ ಬೆಳೆದದ್ದು ಫ್ರಾನ್ಸಿನಲ್ಲಿ.

ಟೈಲರ್ ಎಂದರೆ ಹಳೆಯ ಫ್ರೆಂಚಿನಲ್ಲಿ ಕತ್ತರಿಸುವವನು. ಫ್ರಾಕ್ ಅಲ್ಲಿ ಕ್ರೈಸ್ತ ಸನ್ಯಾಸಿಗಳ ನಿಲುವಂಗಿಯಾಗಿತ್ತು. ಇಲ್ಲಿ ಅದು ಎರಡು ವರ್ಷದ ಮಗುವಿನ ಹುಟ್ಟುಹಬ್ಬದ ಉಡುಪು. ಪೀಕೋ ಎಂಬುದು ಲೇಸಿನ ಅಂಚಿನ ಪುಟ್ಟ ಕುಣಿಕೆ. ಇಲ್ಲಿ ಸೀರೆಯ ಸೆರಗು ಎಳೆ ಬಿಡದಂತೆ ಹಾಕಿಸುವ ಹೊಲಿಗೆ. ಶಾಲೆಗೆ ಹೋಗುವ ಹುಡುಗಿಯರ ಒಳಉಡುಪಿಗೆ ನಮ್ಮ ಕಡೆ ‘ಶಿಮ್ಮೀಸ್’ ಎನ್ನುತ್ತಾರಲ್ಲ, ಅದರ ಮೂಲವಾದ ‘ಶೆಮೀಜ್’ ಪ್ಯಾರಿಸಿನಲ್ಲಿ ಇವತ್ತಿಗೂ ಗಂಡಸರ ಷರ್ಟು. ಈ ಮೂಲ ಗೊತ್ತಿಲ್ಲದೆಯೇ ಇವೆಲ್ಲ ನಮ್ಮ ಅಗಸರ ಲೆಕ್ಕದ ಚೀಟಿಯವರೆಗೂ ಇಳಿದುಬಂದಿವೆ.

ಈ ಗುಂಪಿನಲ್ಲಿ ನಮ್ಮ ನೆಲದಲ್ಲಿ ಆಳವಾಗಿ ಬೇರುಬಿಟ್ಟದ್ದು ಬ್ಲೌಸ್. ಅದರ ಕಥೆ ಉಡುಪಿನದಷ್ಟೇ ಅಲ್ಲ, ದುಡಿಮೆಯದೂ ಹೌದು.

ಗಾಡಿ ಹೊಡೆಯುವವನ ಮೇಲಂಗಿ

ಫ್ರೆಂಚಿನಲ್ಲಿ ಬ್ಲೌಸ್ ಎಂಬುದಕ್ಕೆ ಪದಕೋಶಗಳು ಕೊಡುವ ಹಳೆಯ ದಾಖಲೆ 1788ರದು. ಅಲ್ಲಿಂದ ಹಿಂದಕ್ಕೆ ಅದು ಎಲ್ಲಿಂದ ಬಂತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಅದು ಯಾರ ಮೈಮೇಲಿತ್ತು ಎಂಬುದರಲ್ಲಿ ಸಂದೇಹವಿಲ್ಲ. ರೈತ, ಗಾಡಿ ಹೊಡೆಯುವವ, ಕೂಲಿಯವ ತನ್ನ ಬಟ್ಟೆ ಕೊಳೆಯಾಗದಿರಲಿ ಎಂದು ಮೇಲೆ ಹಾಕಿಕೊಳ್ಳುತ್ತಿದ್ದ ದೊಗಲೆ ಅಂಗಿ ಅದು. ಒರಟು ಬಟ್ಟೆ, ಹೆಚ್ಚಾಗಿ ನೀಲಿ ಬಣ್ಣ, ಅಳತೆಯ ಗೊಡವೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ‘ಬ್ಲೌಸ್ ತೊಟ್ಟವರು’ ಎಂದರೆ ಕಾರ್ಮಿಕರು ಎಂದೇ ಅರ್ಥ. ಕೋಟು ತೊಟ್ಟವರು ಆ ಕಡೆ, ಬ್ಲೌಸ್ ತೊಟ್ಟವರು ಈ ಕಡೆ. 1848ರ ಕ್ರಾಂತಿಯಲ್ಲಿ ಬೀದಿಗಿಳಿದವರನ್ನು ಗುರುತಿಸಲು ಈ ಒಂದು ಪದ ಸಾಕಾಗಿತ್ತು.

1788 ನಮಗೂ ಪರಿಚಯದ ವರ್ಷ. ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದದ್ದು ಆ ವರ್ಷವೇ. ಅವರು ಉಟ್ಟಿದ್ದ ತೆಳು ಮಸ್ಲಿನ್ ಬಟ್ಟೆಯನ್ನು ನೋಡಲು ಪ್ಯಾರಿಸಿನ ಜನ ಮುಗಿಬಿದ್ದರು. ಅವರಲ್ಲೊಬ್ಬನಾದ ಮುಹಮ್ಮದ್ ದರ್ವೇಶ್ ಖಾನನ ಚಿತ್ರವನ್ನು ಆ ಕಾಲದ ಹೆಸರಾಂತ ಕಲಾವಿದೆ ವಿಜೇ ಲ ಬ್ರೂನ್ ಬರೆದಳು. ಟಿಪ್ಪುವಿನ ತಂದೆ ಹೈದರಾಲಿ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. ಹೈದರನ ತಂದೆ ಫತೇ ಮುಹಮ್ಮದನ ಗೋರಿ ಇರುವುದು ಕೋಲಾರ ಪಟ್ಟಣದಲ್ಲೇ. ಹೈದರನ ದಂಡಿನಲ್ಲಿ ಫ್ರೆಂಚ್ ಸಿಪಾಯಿಗಳಿದ್ದರು. ಇಷ್ಟೆಲ್ಲ ನಂಟು ಕಂಡ ಮೇಲೆ ಬ್ಲೌಸ್ ಎಂಬ ಪದ ಆ ಸಿಪಾಯಿಗಳ ಜೊತೆಗೇ ಬಂದಿರಬೇಕು ಎಂದು ಹೇಳಿಬಿಡುವ ಆಸೆಯಾಗುತ್ತದೆ. ಆದರೆ ಕಾಲ ಒಪ್ಪುವುದಿಲ್ಲ. ಹೈದರ್ ತೀರಿಕೊಂಡದ್ದು 1782ರಲ್ಲಿ. ಪದ ಇಂಗ್ಲಿಷಿಗೆ ಹೊಕ್ಕದ್ದು 1820ರ ದಶಕದಲ್ಲಿ. ನಮ್ಮೂರಿಗೆ ಅದು ಬಂದದ್ದು ಇಂಗ್ಲಿಷಿನ ಕೈಹಿಡಿದು, ಅದೂ ಗಂಡಸಿನ ದೊಗಲೆ ಅಂಗಿ ಹೆಂಗಸರ ರವಿಕೆಯಾಗಿ ಮಾರ್ಪಟ್ಟ ಮೇಲೆ.

ಈಗಲೂ ಫ್ರಾನ್ಸಿನಲ್ಲಿ ಬ್ಲೌಸ್ ಎಂದರೆ ಕೆಲಸದ ಉಡುಪೇ. ಡಾಕ್ಟರರು, ನರ್ಸುಗಳು, ಪ್ರಯೋಗಾಲಯದವರು ಹಾಕುವ ಬಿಳಿ ಮೇಲಂಗಿಗೆ ಅಲ್ಲಿ ಆ ಹೆಸರು. ‘ಬಿಳಿ ಬ್ಲೌಸಿನವರು ಮುಷ್ಕರ ಹೂಡಿದ್ದಾರೆ’ ಎಂದು ಅಲ್ಲಿನ ಪತ್ರಿಕೆ ಬರೆದರೆ ಆಸ್ಪತ್ರೆ ಸಿಬ್ಬಂದಿ ಬೀದಿಗಿಳಿದಿದ್ದಾರೆ ಎಂದು ತಿಳಿಯಬೇಕು. ಹೆಂಗಸರ ಮೇಲುಡುಪಿಗೆ ಅವರು ಸಾಮಾನ್ಯವಾಗಿ ಬೇರೆ ಪದಗಳನ್ನು ಬಳಸುತ್ತಾರೆ. ಮುಳಬಾಗಿಲಿನ ಹೆಣ್ಣುಮಗಳೊಬ್ಬಳು ಪ್ಯಾರಿಸಿನ ಅಂಗಡಿಗೆ ಹೋಗಿ ಬ್ಲೌಸ್ ಕೇಳಿದರೆ ಅವಳ ಕೈಗೆ ಡಾಕ್ಟರ್ ಕೋಟು ಬಂದರೂ ಅಚ್ಚರಿಯಿಲ್ಲ.

ಬಟ್ಟೆ ಒಂದು, ಹೆಸರು ನಾಲ್ಕು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಗಡಿ ಸೀಮೆಯ ನೆರೆಹೊರೆಯ ತಾಲ್ಲೂಕುಗಳು. ಮುಳಬಾಗಿಲು, ಶ್ರೀನಿವಾಸಪುರದಿಂದ ಕೊಂಚ ಮುಂದೆ ಹೋದರೆ ಆಂಧ್ರ, ಮಾಲೂರಿನಿಂದ ಕೊಂಚ ಕೆಳಗಿಳಿದರೆ ತಮಿಳುನಾಡು. ಮನೆಯಲ್ಲಿ ತಮಿಳು ಮಾತಾಡಿ ಕನ್ನಡದ ಸಣ್ಣಕಥೆಗೆ ದಾರಿ ಹಾಕಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮಾಲೂರು ತಾಲ್ಲೂಕಿನವರು. ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು, ಸಂತೆಯ ಮಾತು ಎರಡರ ಬೆರಕೆ ಎಂಬುದು ಇಲ್ಲಿ ದಿನನಿತ್ಯದ ಸಂಗತಿ. ಹಾಗಾಗಿ ಒಂದು ಮೊಳ ಬಟ್ಟೆಗೂ ಇಲ್ಲಿ ನಾಲ್ಕು ಹೆಸರು.

ಎಲ್ಲಕ್ಕಿಂತ ಹಳೆಯದು ಕುಪ್ಪಸ. ಸಂಸ್ಕೃತದ ಕೂರ್ಪಾಸದಿಂದ ಇಳಿದದ್ದು. ಈಗ ಅದು ಕೋಲಾರದ ಬಾಯಲ್ಲಿ ಅಪರೂಪ, ಪದ್ಯ ಮತ್ತು ಪುಸ್ತಕಗಳಲ್ಲಿ ಉಳಿದಿದೆ. ಉತ್ತರ ಕರ್ನಾಟಕದಲ್ಲಾದರೆ ಕುಬಸವಾಗಿ ಇನ್ನೂ ಜೀವಂತ. ಅಲ್ಲಿ ಬಸುರಿಯ ಸೀಮಂತಕ್ಕೇ ಕುಬಸ ಎಂದು ಹೆಸರು. ಕುಬಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣ ಆ ಭಾಗದ ಹೆಮ್ಮೆ. ಮರಾಠಿ ಗಾಳಿ ಬೀಸುವ ಕಡೆ ಪೋಲಕ, ಮಲೆನಾಡಿನ ಹಿರಿಯರಲ್ಲಿ ಜಂಪರು. ಕೋಲಾರದ ಎರಡನೆಯ ಹೆಸರು ರವಿಕೆ. ಕನ್ನಡ, ತೆಲುಗು, ತಮಿಳು ಮೂರಕ್ಕೂ ಸಾಮಾನ್ಯವಾದ ಪದ. ಕೋಲಾರದ ಸೀಮೆಯಲ್ಲಿ ಇದು ಹಬ್ಬ, ಪೂಜೆ, ಮದುವೆಯ ಭಾಷೆಗೆ ಸೇರಿದೆ. ರವಿಕೆ ಕಣ ಎಂದರೆ ಅರಿಶಿನ ಕುಂಕುಮದ ಪಕ್ಕದಲ್ಲೇ ಕೂರುವ ಪದ.

ಮೂರನೆಯದು ಜಾಕೀಟು. ಬೆಂಗಳೂರಿನ ಹುಡುಗನಿಗೆ ಜಾಕೆಟ್ ಎಂದರೆ ಬೈಕ್ ಓಡಿಸುವಾಗ ಹಾಕುವ ಚರ್ಮದ ಕೋಟು. ಮುಳಬಾಗಿಲಿನ ಅಜ್ಜಿಗೆ ಜಾಕೀಟು ಎಂದರೆ ಸೀರೆಯೊಳಗಿನ ರವಿಕೆ, ಬೇರೇನೂ ಅಲ್ಲ. ತೆಲುಗಿನಲ್ಲಿ ಇದು ‘ಜಾಕೆಟ್ಟು’, ತಾಂಬೂಲದ ಜೊತೆ ಕೊಡುವ ತುಂಡು ‘ಜಾಕೆಟ್ಟು ಮುಕ್ಕ’. ತಮಿಳಿನಲ್ಲೂ ಬ್ಲೌಸಿಗೆ ‘ಜಾಕೆಟ್’ ಎಂಬುದೇ ಮನೆಮಾತು. ಎರಡೂ ಕಡೆಯ ನೆರೆಯವರು ಒಂದೇ ಪದ ಹಿಡಿದಿರುವಾಗ ನಡುವಿನ ಕೋಲಾರ ಅದನ್ನು ಬಿಟ್ಟೀತೆ? ಇದೂ ಫ್ರೆಂಚಿನ ‘ಜಾಕೆತ್’ ಎಂಬುದರ ಮೊಮ್ಮಗುವೇ. ಫ್ರಾನ್ಸಿನ ರೈತನಿಗಿದ್ದ ಅಡ್ಡಹೆಸರು ‘ಜಾಕ್’ನಿಂದ ಆ ಉಡುಪಿಗೆ ಹೆಸರು ಬಂತೆಂದು ಪದಮೂಲ ಹುಡುಕುವವರು ಹೇಳುತ್ತಾರೆ. 1358ರಲ್ಲಿ ಅಲ್ಲಿನ ರೈತರು ಜಮೀನುದಾರರ ಮೇಲೆ ತಿರುಗಿಬಿದ್ದದ್ದನ್ನು ಚರಿತ್ರೆ ‘ಜಾಕೆರಿ’ ಎಂದು ಕರೆಯುವುದೂ ಆ ಅಡ್ಡಹೆಸರಿನಿಂದಲೇ.

ನಾಲ್ಕನೆಯದು ಬ್ಲೌಸ್. ಅಂಗಡಿ, ಶಾಲೆ, ಸಿನಿಮಾ, ಈಗ ಮೊಬೈಲು, ಇವುಗಳ ಮೂಲಕ ಅದು ಉಳಿದ ಮೂರನ್ನೂ ಪಕ್ಕಕ್ಕೆ ಸರಿಸುತ್ತಿದೆ. ಒಂದೇ ಮನೆಯಲ್ಲಿ ಅಜ್ಜಿ ಜಾಕೀಟು ಎಂದರೆ ತಾಯಿ ರವಿಕೆ ಎನ್ನುತ್ತಾಳೆ, ಮಗಳು ಬ್ಲೌಸ್ ಎನ್ನುತ್ತಾಳೆ. ಮೂವರಿಗೂ ಹೊಲಿಯುವ ಟೈಲರಿಗೆ ಮೂರೂ ಅರ್ಥವಾಗುತ್ತವೆ. ಮಗಳು ಕೂಡ ಗೌರಿ ಹಬ್ಬದ ಬಾಗಿನಕ್ಕೆ ಕೂತಾಗ ‘ರವಿಕೆ ಕಣ ಎಲ್ಲಿ’ ಎಂದೇ ಕೇಳುತ್ತಾಳೆ. ವಯಸ್ಸಿಗೊಂದು ಹೆಸರು ಇರುವಂತೆ ಸಂದರ್ಭಕ್ಕೂ ಒಂದು ಹೆಸರು.

ತೊಡುವ ಹಕ್ಕು

ಹೆಸರುಗಳ ಈ ಸಮೃದ್ಧಿಯನ್ನು ನೋಡಿ ಎಲ್ಲ ಹೆಂಗಸರೂ ಎಲ್ಲ ಕಾಲದಲ್ಲೂ ರವಿಕೆ ತೊಡುತ್ತಿದ್ದರು ಎಂದುಕೊಂಡರೆ ತಪ್ಪಾದೀತು. ಕಳೆದ ಶತಮಾನದ ಮೊದಲರ್ಧದಲ್ಲೂ ದಕ್ಷಿಣ ಭಾರತದ ಎಷ್ಟೋ ಹಳ್ಳಿಗಳಲ್ಲಿ ಗದ್ದೆ, ಹೊಲ, ಕಲ್ಲುಗಣಿಯಲ್ಲಿ ದುಡಿಯುವ ಹೆಂಗಸರಿಗೆ ಸೀರೆಯ ಸೆರಗೇ ಮೇಲುಡುಪು. ಬಡತನ ಒಂದು ಕಾರಣ, ಜಾತಿಯ ಕಟ್ಟಳೆ ಇನ್ನೊಂದು. ಮೇಲ್ಜಾತಿಯ ಮನೆಗಳಲ್ಲಿ ತಲೆ ಬೋಳಿಸಿದ ವಿಧವೆಗೆ ರವಿಕೆಯೂ ತಪ್ಪುತ್ತಿತ್ತು. ಅಂದರೆ ಅದೇ ಬಟ್ಟೆಯನ್ನು ಒಬ್ಬಳಿಗೆ ಬಡತನ ಕೊಡಲಿಲ್ಲ, ಇನ್ನೊಬ್ಬಳಿಂದ ಸಂಪ್ರದಾಯ ಕಿತ್ತುಕೊಂಡಿತು.

ಈ ಹಕ್ಕಿನ ಜಗಳ ಬಹಿರಂಗವಾಗಿ ಬೀದಿಗೆ ಬಂದದ್ದು ತಿರುವಾಂಕೂರಿನಲ್ಲಿ. ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಿಂದಲೂ ಹೋರಾಡಿದರು. ಕ್ರೈಸ್ತರಾದವರು ‘ಕುಪ್ಪಾಯ’ ಎಂಬ ಅಂಗಿ ತೊಡಬಹುದೆಂದು ಮೊದಲು ಅಪ್ಪಣೆಯಾಯಿತು. ಹೆಸರು ನಮ್ಮ ಕುಪ್ಪಸವನ್ನೇ ನೆನಪಿಗೆ ತರುತ್ತದೆ. ಕೊನೆಗೆ 1859ರ ಜುಲೈ 26ರಂದು ಮಹಾರಾಜರು ಘೋಷಣೆ ಹೊರಡಿಸಿ ಎಲ್ಲ ನಾಡಾರ್ ಹೆಂಗಸರಿಗೂ ಮೈ ಮುಚ್ಚಿಕೊಳ್ಳಲು ಅನುಮತಿ ಕೊಟ್ಟರು. ಆದರೆ ಮೇಲ್ಜಾತಿಯವರ ರೀತಿಯಲ್ಲಿ ತೊಡಬಾರದೆಂಬ ಷರತ್ತು ಉಳಿಸಿಕೊಂಡರು. ಬಟ್ಟೆಗಿಂತ ಅದನ್ನು ತೊಡುವ ಬಗೆಯ ಮೇಲೆ ಅಧಿಕಾರಕ್ಕೆ ಹೆಚ್ಚು ಕಣ್ಣು.

ಆ ಕಾಲದಲ್ಲೇ ಬಂಗಾಳದಲ್ಲಿ ಠಾಕೂರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ, ಗಂಡನ ಕೆಲಸದ ನಿಮಿತ್ತ ಬೊಂಬಾಯಿಗೆ ಹೋದವಳು, ಪಾರ್ಸಿ ಹೆಂಗಸರ ಉಡುಗೆ ನೋಡಿ ಸೀರೆಯ ಜೊತೆ ಬ್ಲೌಸು, ಪೆಟಿಕೋಟು ಧರಿಸುವ ಹೊಸ ರೀತಿಯನ್ನು ಕಲ್ಕತ್ತಕ್ಕೆ ತಂದಳು. ಹೊರಗೆ ಓಡಾಡಬೇಕಾದ, ಸಭೆಗೆ ಹೋಗಬೇಕಾದ ಹೆಣ್ಣಿಗೆ ಆ ಉಡುಗೆ ಬೇಕಿತ್ತು. ಬ್ಲೌಸ್ ಎಂಬ ಪದ ಭಾರತದಲ್ಲಿ ಹರಡಿದ್ದು ಹೀಗೆ, ಮನೆಯ ಹೊಸಿಲು ದಾಟುವ ಹೆಣ್ಣಿನ ಜೊತೆಗೆ. ಮುಂದೆ ಶಾಲೆಯ ಮೇಡಂ, ಆಸ್ಪತ್ರೆಯ ನರ್ಸು, ತಾಲ್ಲೂಕು ಕಚೇರಿಯ ಗುಮಾಸ್ತೆ ಆ ಪದವನ್ನು ಹಳ್ಳಿಗೆ ತಂದರು. ಎದೆಯ ಮೇಲೆ ಗಂಟು ಹಾಕಿಕೊಳ್ಳುತ್ತಿದ್ದ ರವಿಕೆಗೆ ಹುಕ್ಕು ಬಂದಾಗ ಅದು ಬ್ಲೌಸ್ ಆಯಿತು ಎಂದರೂ ನಡೆದೀತು.

ಟೇಪು ಹಿಡಿದವನ ವಿದ್ಯೆ

ಫ್ರಾನ್ಸಿನ ಬ್ಲೌಸಿಗೆ ಅಳತೆ ಬೇಕಿರಲಿಲ್ಲ. ಹೆಗಲಿಗೆ ಕೂತರೆ ಮುಗಿಯಿತು. ಕೋಲಾರದ ಬ್ಲೌಸಿಗೆ ಅಳತೆಯೇ ಪ್ರಾಣ. ಎದೆ, ಸೊಂಟ, ಭುಜ, ತೋಳಿನುದ್ದ, ತೋಳಿನ ಸುತ್ತು, ಮುಂದಿನ ಕೊರಳು, ಬೆನ್ನಿನ ಕೊರಳು ಎಲ್ಲವೂ ಇಂಚಿನ ಲೆಕ್ಕ. ಅರ್ಧ ಇಂಚು ಹೆಚ್ಚಾದರೆ ಭುಜ ಜಾರುತ್ತದೆ, ಅರ್ಧ ಇಂಚು ಕಡಿಮೆಯಾದರೆ ಊಟ ಮಾಡಿದ ಮೇಲೆ ಹುಕ್ಕು ಕೀಳುತ್ತದೆ. ಜಗತ್ತಿನ ಅತಿ ಸಡಿಲ ಅಂಗಿಯ ಹೆಸರು ಹೊತ್ತ ಬಟ್ಟೆ ಇಲ್ಲಿ ಅತಿ ಬಿಗಿಯಾದ ಬಟ್ಟೆಯಾಗಿದೆ.

ಇದರಿಂದ ಹುಟ್ಟಿದ್ದು ‘ಅಳತೆ ಬ್ಲೌಸ್’ ಎಂಬ ಅಪ್ಪಟ ನಮ್ಮ ಪದ. ಪ್ರತಿ ಹೆಂಗಸಿನ ಪೆಟ್ಟಿಗೆಯಲ್ಲೂ ಸರಿಯಾಗಿ ಕೂತ ಒಂದು ಹಳೆಯ ಬ್ಲೌಸ್ ಇರುತ್ತದೆ. ಬಣ್ಣ ಮಾಸಿದ್ದರೂ ಅದನ್ನು ಬಿಸಾಡುವುದಿಲ್ಲ. ಹೊಸ ಬಟ್ಟೆಯ ಜೊತೆ ಅದನ್ನು ಮಡಿಸಿ ಟೈಲರಿಗೆ ಕೊಡಬೇಕು. ಬಾಣಂತನ ಮುಗಿಸಿ ಬಂದವಳು ‘ಇದರ ಮೇಲೆ ಒಂದಿಂಚು ಬಿಡಿ’ ಎನ್ನುತ್ತಾಳೆ. ಗಂಡಸು ಟೈಲರಿನ ಮುಂದೆ ಕೈಯೆತ್ತಿ ನಿಲ್ಲುವ ಮುಜುಗರವನ್ನೂ ಈ ಅಳತೆ ಬ್ಲೌಸ್ ತಪ್ಪಿಸುತ್ತದೆ.

ಈ ವಿದ್ಯೆಯ ಪರಿಭಾಷೆಯೂ ಹಲವು ನಾಡುಗಳ ಸಂತೆ. ಎದೆಯ ಆಕಾರಕ್ಕೆ ಬಟ್ಟೆ ಮಡಿಸಿ ಹಾಕುವ ಚೂಪು ಹೊಲಿಗೆಗೆ ಟೈಲರುಗಳು ‘ಡಾಟ್’ ಎನ್ನುತ್ತಾರೆ. ಅದು ‘ಡಾರ್ಟ್’, ಫ್ರೆಂಚಿನಲ್ಲಿ ಎಸೆಯುವ ಈಟಿ. ಬಟ್ಟಲಿನಂತೆ ಕತ್ತರಿಸಿದರೆ ‘ಕಟೋರಿ’, ಅದು ಹಿಂದಿ. ಭುಜದಿಂದ ಸೊಂಟದವರೆಗೆ ಉದ್ದ ಹೊಲಿಗೆ ಬಂದರೆ ‘ಪ್ರಿನ್ಸೆಸ್ ಕಟ್’. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ಅಂಗಡಿ ಇಟ್ಟು ಹೆಸರಾದ ಇಂಗ್ಲಿಷ್ ದರ್ಜಿ ಚಾರ್ಲ್ಸ್ ಫ್ರೆಡರಿಕ್ ವರ್ತ್‌ನ ಹೆಸರಿಗೆ ಅದನ್ನು ಹಚ್ಚುವುದು ವಾಡಿಕೆ. ಗುಂಡಿ ತೂರಿಸುವ ಕಾಜಾ ಪೋರ್ಚುಗೀಸರ ಕಾಣಿಕೆ. ಅವರ ಭಾಷೆಯಲ್ಲಿ ‘ಕಾಸ’ ಎಂದರೆ ಮನೆ. ದರ್ಜಿ ಎಂಬುದು ಪಾರಸಿ. ಇವೆಲ್ಲದರ ನಡುವೆ ‘ತೋಳು’, ‘ಕೊರಳು’, ‘ಬೆನ್ನು’ ಎಂಬ ಕನ್ನಡದ ಮೈ ಮಾತ್ರ ಕದಲದೆ ಕೂತಿದೆ. ಉಡುಪಿನ ಹೆಸರುಗಳು ಹೊರಗಿನಿಂದ ಬಂದವು, ಮೈಯ ಹೆಸರುಗಳು ಬದಲಾಗಲಿಲ್ಲ.

ಹೊಲಿಗೆ ಯಂತ್ರದ ಕಥೆಯಲ್ಲೂ ಫ್ರಾನ್ಸಿನದೊಂದು ಪುಟವಿದೆ. ಬಾರ್ತೆಲೆಮಿ ತಿಮೊನಿಯೇ ಎಂಬ ಬಡ ದರ್ಜಿ 1830ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದು, ಪ್ಯಾರಿಸಿನಲ್ಲಿ ಸುಮಾರು 80 ಯಂತ್ರಗಳ ಕಾರ್ಖಾನೆ ಕಟ್ಟಿ ಸೈನಿಕರ ಉಡುಪು ಹೊಲಿಸತೊಡಗಿದ. 1831ರಲ್ಲಿ ನಗರದ ದರ್ಜಿಗಳು ನುಗ್ಗಿ ಅವನ್ನು ಪುಡಿಮಾಡಿದರು. ಕೈಕೆಲಸ ಹೋದರೆ ಊಟ ಹೋದಂತೆ ಎಂಬ ಭಯ ಅವರದು. ಆ ಭಯ ಸುಳ್ಳಾಗಿರಲಿಲ್ಲ. ಆದರೆ ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಕಾಲಿನಿಂದ ತುಳಿಯುವ ಅದೇ ಯಂತ್ರ ಮುಂದೆ ಎಷ್ಟೋ ಹೆಂಗಸರಿಗೆ ಊಟ ಕೊಟ್ಟಿತು. ಗಂಡ ಬಿಟ್ಟವಳಿಗೆ, ವಿಧವೆಗೆ ಸರ್ಕಾರವೋ ಸಂಘವೋ ಏನಾದರೂ ಕೊಡುವುದಾದರೆ ಮೊದಲು ನೆನಪಾಗುವುದು ಹೊಲಿಗೆ ಯಂತ್ರ.

ಹೊಲಿಯದೆ ಉಳಿದ ಬಟ್ಟೆ

ಬ್ಲೌಸಿನ ಬಳಕೆಯಲ್ಲಿ ಅತಿ ವಿಚಿತ್ರವಾದದ್ದು ಬ್ಲೌಸ್ ಆಗದ ಬ್ಲೌಸು, ಅಂದರೆ ಬ್ಲೌಸ್ ಪೀಸು. ವರಮಹಾಲಕ್ಷ್ಮಿ, ಗೌರಿ ಹಬ್ಬ, ಗೃಹಪ್ರವೇಶ, ಸೀಮಂತ, ನಾಮಕರಣ, ಊರ ದೇವರ ಹಬ್ಬ, ಯಾವುದಕ್ಕೆ ಹೋದರೂ ಮುತ್ತೈದೆಯ ಮಡಿಲಿಗೆ ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ 80 ಸೆಂಟಿಮೀಟರಿನ ಒಂದು ತುಂಡು ಬಂದು ಬೀಳುತ್ತದೆ. ಶ್ರಾವಣ ಮುಗಿಯುವ ಹೊತ್ತಿಗೆ ಬೀರುವಿನಲ್ಲಿ ರಾಶಿ. ಅದರಲ್ಲಿ ಹೊಲಿಯುವಂಥದ್ದು ಒಂದೋ ಎರಡೋ. ಉಳಿದವು ಕೈಗೆ ಬಂದ ಹತ್ತು ರೂಪಾಯಿ ನೋಟಿನಂತೆ ಮುಂದಿನ ಮನೆಗೆ ಸಾಗುತ್ತವೆ. ಮುಳಬಾಗಿಲಿನಲ್ಲಿ ಕೊಟ್ಟ ಹಸಿರು ಕಣ ಮೂರು ಹಬ್ಬ ದಾಟಿ ಕೋಲಾರದಲ್ಲಿ ಕೊಟ್ಟವಳಿಗೇ ಮರಳಿದ ಕಥೆಯನ್ನು ಎಲ್ಲ ಮನೆಗಳೂ ನಗುತ್ತಾ ಹೇಳುತ್ತವೆ. ಯಾರೂ ಬೇಸರಪಡುವುದಿಲ್ಲ. ಕೊಟ್ಟದ್ದು ಬಟ್ಟೆಯಲ್ಲ, ಬಂದಿದ್ದಕ್ಕೆ ಗೌರವ.

ಈ ನಿಯಮಕ್ಕೂ ಒಂದು ಗಾಯವಿದೆ. ವಿಧವೆಗೆ ಅರಿಶಿನ ಕುಂಕುಮವಿಲ್ಲ, ಕಣವೂ ಇಲ್ಲ. ತಾನೇ ಎಲ್ಲರ ಕಣಗಳನ್ನು ಜೋಡಿಸಿ ಇಟ್ಟು ತಾಂಬೂಲದ ಹೊತ್ತಿಗೆ ಅಡುಗೆಮನೆಗೆ ಸರಿದುಹೋಗುವ ಹೆಂಗಸರು ಎಲ್ಲ ಊರುಗಳಲ್ಲೂ ಇದ್ದಾರೆ. ಈಚೆಗೆ ಕೆಲವು ಮನೆಗಳು ಆ ಭೇದ ಬಿಟ್ಟು ಬಂದವರೆಲ್ಲರಿಗೂ ಕೊಡುತ್ತಿವೆ. ಒಂದು ತುಂಡು ಬಟ್ಟೆಯಿಂದ ಆಗಬಹುದಾದ ಸುಧಾರಣೆ ಇದಕ್ಕಿಂತ ಅಗ್ಗದಲ್ಲಿ ಇನ್ನೊಂದಿಲ್ಲ.

ತುಂಡು ಯಾವ ಬಟ್ಟೆಯದು ಎಂಬುದರಲ್ಲೂ ಫ್ರೆಂಚಿನ ನೆರಳು. ಹತ್ತಿಯದಾದರೆ ‘ಟೂ ಬೈ ಟೂ’, ಹಾಸಿಗೂ ಹೊಕ್ಕಿಗೂ ಎರಡೆಳೆ ಹುರಿ ಮಾಡಿದ ನೂಲು. ಅದು ಗಟ್ಟಿ, ಬೆವರು ಹೀರುತ್ತದೆ. ಇದರ ಜೊತೆಗೆ ಹಿರಿಯರ ಅಚ್ಚುಮೆಚ್ಚಿನ ವಾಯಿಲ್ ಸೀರೆ. ‘ವಾಯಿಲ್’ ಎಂದರೆ ಮುಸುಕು. ಮಗಳಿಗೆ ಶಿಫಾನ್, ಅದು ಫ್ರೆಂಚಿನಲ್ಲಿ ಚಿಂದಿಬಟ್ಟೆ. ಸೊಸೆಗೆ ಜಾರ್ಜೆಟ್, ಅದು ಪ್ಯಾರಿಸಿನ ಒಬ್ಬ ಉಡುಪುಗಾರ್ತಿಯ ಹೆಸರು. ಕ್ರೇಪ್ ಎಂದರೆ ಸುಕ್ಕು. ಹುರಿ ಹೆಚ್ಚು ಕೊಟ್ಟ ನೂಲಿನಿಂದ ನೇಯ್ದಾಗ ಬಟ್ಟೆಗೆ ಬರುವ ಆ ಸಣ್ಣ ಸುಕ್ಕೇ ಮೈಸೂರು ಸಿಲ್ಕಿನ ಜೀವಾಳ. 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ ಶುರುವಾದ ಮೈಸೂರಿನ ಕಾರ್ಖಾನೆ ಅದನ್ನು ಮನೆಮಾತು ಮಾಡಿತು. ಕೋಲಾರ ಜಿಲ್ಲೆ ಹಿಪ್ಪುನೇರಳೆಯ ನಾಡು. ಬೋರ್‌ವೆಲ್ ಬತ್ತಿದರೂ ಒಂದು ಹುಳುಮನೆ ಬಿಡದ ರೈತರು ಇಲ್ಲಿದ್ದಾರೆ. ಗೂಡು ಮಾರಿ ಬಂದ ಹಣದಲ್ಲಿ ಅವರ ಮನೆಯ ಹೆಣ್ಣು ಕೊಳ್ಳುವುದು ಮಾತ್ರ ಸಾಮಾನ್ಯವಾಗಿ ರೇಷ್ಮೆಯಲ್ಲ, ಸೂರತ್ತಿನ ಪಾಲಿಯೆಸ್ಟರ್ ಜಾರ್ಜೆಟ್.

ಬೊಟಿಕ್ಕಿನ ಮಗ್ಗಂ

ಹತ್ತು ಹದಿನೈದು ವರ್ಷಗಳಿಂದ ಬ್ಲೌಸಿನ ಲೆಕ್ಕಾಚಾರವೇ ತಲೆಕೆಳಗಾಗಿದೆ. ಮೊದಲು ಸೀರೆ ದುಬಾರಿ, ಬ್ಲೌಸ್ ಅಗ್ಗ. ಈಗ ಮದುವೆ ಹೆಣ್ಣಿನ ಬ್ಲೌಸಿಗೆ ಎಷ್ಟೋ ಸಲ ಸೀರೆಗಿಂತ ಹೆಚ್ಚು ಖರ್ಚು. ಕಾರಣ ‘ಮಗ್ಗಂ ವರ್ಕ್’. ತೆಲುಗು ಸೀಮೆಯಿಂದ ಬಂದ ಈ ಹೆಸರು ಗಡಿ ದಾಟಿ ಶ್ರೀನಿವಾಸಪುರ, ಮುಳಬಾಗಿಲಿನ ಬೋರ್ಡುಗಳಲ್ಲಿ ನೆಲೆಯೂರಿದೆ. ಮಂಚದಂಥ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆಯಂಥ ಆರಿ ಸೂಜಿಯಿಂದ ಮೇಲಿನಿಂದ ಚುಚ್ಚಿ ಕೆಳಗಿನ ದಾರವನ್ನು ಎಳೆದು ಸರಪಳಿ ಹೊಲಿಗೆ ಹಾಕುತ್ತಾರೆ. ಮಣಿ, ಜರಿ, ಕುಂದಣ ಎಲ್ಲ ಅದರಲ್ಲೇ ಕೂರುತ್ತವೆ. ನೇಯುವ ಮಗ್ಗಕ್ಕೂ ಇದಕ್ಕೂ ಸಂಬಂಧ ಚೌಕಟ್ಟಿನಷ್ಟೇ.

ಈ ಕೊಕ್ಕೆಸೂಜಿ ಗುಜರಾತಿನ ಮೋಚಿಗಳ ಕೈಯಲ್ಲಿ ಚರ್ಮ ಹೊಲಿಯುವ ಉಳಿಯಿಂದ ಬೆಳೆದದ್ದು. ಹದಿನೆಂಟನೆಯ ಶತಮಾನದಲ್ಲಿ ಪೂರ್ವದೇಶಗಳ ಈ ಕಸೂತಿ ಫ್ರಾನ್ಸ್ ಸೇರಿ ಅಲ್ಲಿ ‘ತಂಬೂರ್’ ಕಸೂತಿ ಎಂದು ಹೆಸರಾಯಿತು. ಡೋಲಿನ ಚರ್ಮದಂತೆ ಬಟ್ಟೆ ಬಿಗಿಯುವುದರಿಂದ ಆ ಹೆಸರು. ರಾಜನ ಕಸೂತಿ ವಿನ್ಯಾಸಕ ಸೇಂತ್ ಓಬಾಂ 1770ರಲ್ಲಿ ಬರೆದ ಕಸೂತಿಯ ಪುಸ್ತಕದಲ್ಲಿ ಇದರ ವಿವರಣೆಯಿದೆ. ಇಂದಿಗೂ ಪ್ಯಾರಿಸಿನ ದುಬಾರಿ ಉಡುಪುಗಳ ಮಣಿಕೆಲಸಕ್ಕೆ ಅದೇ ಬಗೆಯ ಕೊಕ್ಕೆ. ಅಲ್ಲಿಂದ ಉಡುಪಿನ ಹೆಸರು ಇಲ್ಲಿಗೆ ಬಂತು, ಇಲ್ಲಿಂದ ಉಡುಪಿನ ಮೇಲಿನ ಕೆಲಸ ಅಲ್ಲಿಗೆ ಹೋಯಿತು. ಯಾರು ಯಾರಿಗೆ ಸಾಲಗಾರರು ಎಂಬ ಪ್ರಶ್ನೆಗೆ ಪದಕೋಶದಲ್ಲಿ ಮಾತ್ರ ಉತ್ತರ ಹುಡುಕಿದರೆ ಅರ್ಧ ಲೆಕ್ಕ ಸಿಕ್ಕೀತು.

ಬೊಟಿಕ್ ಎಂಬುದು ಫ್ರಾನ್ಸಿನಲ್ಲಿ ಬರಿಯ ಅಂಗಡಿ. ನಮ್ಮಲ್ಲಿ ಆ ಪದ ಬೋರ್ಡಿಗೆ ಏರಿದೊಡನೆ ಹೊಲಿಗೆಯ ಕೂಲಿ ಏರುತ್ತದೆ, ಟೈಲರ್ ಡಿಸೈನರ್ ಆಗುತ್ತಾರೆ. ಇದನ್ನು ನೋಡಿ ನಗಬೇಕಾಗಿಲ್ಲ. ಮೊದಲು ಗಂಡಸರ ಕೈಯಲ್ಲಿದ್ದ ಈ ಕಸುಬಿಗೆ ಈಗ ಹೆಂಗಸರು ಒಡತಿಯರಾಗಿ ಬಂದಿದ್ದಾರೆ. ಮನೆಯ ಮುಂದಿನ ಕೋಣೆಗೆ ಷಟರ್ ಹಾಕಿಸಿ, ಎರಡು ಯಂತ್ರ, ಒಂದು ಚೌಕಟ್ಟು ಇಟ್ಟು, ಪಕ್ಕದ ಬೀದಿಯ ಹುಡುಗಿಯರಿಗೆ ಕೆಲಸ ಕಲಿಸುವವರಿದ್ದಾರೆ. ಅಂಥವರಿಗೆ ಒಂದು ಫ್ರೆಂಚ್ ಪದದಿಂದ ಕೂಲಿ ಕೊಂಚ ಹೆಚ್ಚುವುದಾದರೆ ಆ ಪದ ಅದರ ಬೆಲೆಗೆ ಯೋಗ್ಯವೇ.

ಗಾರ್ಮೆಂಟ್ಸಿಗೆ ಹೋಗುವವರು

ಇನ್ನೊಂದು ಪದ ಉಳಿದಿದೆ. ಅದು ಬೋರ್ಡಿನ ಮೇಲಿಲ್ಲ, ಬಸ್ಸಿನಲ್ಲಿದೆ. ಬೆಳಗಾಗುವ ಮೊದಲೇ ಈ ತಾಲ್ಲೂಕುಗಳ ಹಳ್ಳಿಗಳಿಂದ ಕಂಪನಿ ಬಸ್ಸು, ಟೆಂಪೋ ಹತ್ತುವ, ಮಾಲೂರಿನಲ್ಲಿ ಬೆಂಗಳೂರಿನ ರೈಲು ಹಿಡಿಯುವ ಹೆಂಗಸರನ್ನು ಎಲ್ಲಿಗೆ ಎಂದು ಕೇಳಿದರೆ ಅವರಲ್ಲಿ ಎಷ್ಟೋ ಜನ ಕೊಡುವ ಉತ್ತರ ‘ಗಾರ್ಮೆಂಟ್ಸಿಗೆ’. ಇಂಗ್ಲಿಷಿನಲ್ಲಿ ಗಾರ್ಮೆಂಟ್ ಎಂದರೆ ಉಡುಪು. ಹಳೆಯ ಫ್ರೆಂಚಿನಲ್ಲಿ ‘ಸಜ್ಜುಗೊಳಿಸು’ ಎಂಬ ಕ್ರಿಯಾಪದದಿಂದ ಹುಟ್ಟಿದ ಮಾತು. ಕನ್ನಡದಲ್ಲಿ ಅದು ಉಡುಪಲ್ಲ, ಒಂದು ಸ್ಥಳ, ಒಂದು ಕೆಲಸ, ಒಂದು ವರ್ಗ. ‘ಅವಳು ಗಾರ್ಮೆಂಟ್ಸಲ್ಲಿದ್ದಾಳೆ’ ಎಂದರೆ ಅವಳ ಸಂಬಳ, ಅವಳ ಪಾಳಿ, ಅವಳ ಬೆನ್ನುನೋವು, ಅವಳ ಮಗುವನ್ನು ನೋಡಿಕೊಳ್ಳುವ ಅತ್ತೆ ಎಲ್ಲವೂ ಆ ಒಂದೇ ಪದದಲ್ಲಿ ಬಂದುಬಿಡುತ್ತವೆ.

ಗಾರ್ಮೆಂಟ್ಸಿನ ಸಾಲಿನಲ್ಲಿ ಕೂತವಳು ಇಡೀ ಬಟ್ಟೆ ಹೊಲಿಯುವುದಿಲ್ಲ. ಒಬ್ಬಳಿಗೆ ಕಾಲರು, ಇನ್ನೊಬ್ಬಳಿಗೆ ತೋಳು, ಮತ್ತೊಬ್ಬಳಿಗೆ ಜೇಬು. ಗಂಟೆಗೆ ಇಷ್ಟು ತುಂಡು ಎಂಬ ಗುರಿ. ಅವಳು ಹೊಲಿದ ಕಾಲರು ಕೂರುವ ಷರ್ಟು ಅವಳು ಎಂದೂ ನೋಡದ ದೇಶದ, ಎಂದೂ ನೋಡದ ಮೈಗೆ ಹೋಗುತ್ತದೆ. ಸ್ಮಾಲು, ಮೀಡಿಯಮ್ಮು, ಲಾರ್ಜು ಎಂಬ ಮೂರ್ನಾಲ್ಕು ಅಚ್ಚುಗಳಲ್ಲಿ ಜಗತ್ತಿನ ಎಲ್ಲ ಮೈಗಳೂ ಹಿಡಿಯಬೇಕು. ಸಂಜೆ ಊರಿಗೆ ಬಂದು ಅವಳು ತನ್ನ ಬ್ಲೌಸನ್ನು ಕೊಡುವುದು ಮಾತ್ರ ಬೀದಿಯ ಟೈಲರಿಗೆ, ಅಳತೆಯ ಜೊತೆ. ದಿನವಿಡೀ ಅಳತೆಯಿಲ್ಲದ ಬಟ್ಟೆ ಹೊಲಿಯುವ ಕೈ ತನ್ನ ಮೈಗೆ ಮಾತ್ರ ಅಳತೆ ಕೇಳುತ್ತದೆ. ಷರ್ಟು, ಪ್ಯಾಂಟು, ಚೂಡಿದಾರ್ ಎಲ್ಲವೂ ರೆಡಿಮೇಡಿಗೆ ಸೋತ ಮೇಲೂ ಬ್ಲೌಸ್ ಸೋಲದೆ ನಿಂತಿರುವುದು ಇದರಿಂದ. ರೆಡಿಮೇಡ್ ಬ್ಲೌಸ್ ಸಿಗುತ್ತದೆ, ಹಿಗ್ಗುವ ಬಟ್ಟೆಯದೂ ಸಿಗುತ್ತದೆ. ಆದರೂ ಒಬ್ಬ ಬಡ ಹೆಂಗಸಿನ ಮೈಗೆಂದೇ ಇನ್ನೊಬ್ಬರು ಕತ್ತರಿ ಹಿಡಿಯುವ ಏಕೈಕ ಬಟ್ಟೆಯಾಗಿ ಅದು ಉಳಿದಿದೆ.

ಗಾರ್ಮೆಂಟ್ಸಿನವರ ದನಿ ಇಡೀ ದೇಶಕ್ಕೆ ಕೇಳಿಸಿದ್ದು 2016ರ ಏಪ್ರಿಲ್‌ನಲ್ಲಿ. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಮಗಳ ಮದುವೆ, ಮನೆಯ ಸೂರು, ಗಂಡನ ಆಸ್ಪತ್ರೆ ಖರ್ಚಿಗೆ ಕೆಲಸ ಬಿಟ್ಟು ಆ ಹಣ ತೆಗೆಯುವುದೊಂದೇ ದಾರಿಯಾಗಿದ್ದ ಹೆಂಗಸರು ಏಪ್ರಿಲ್ 18 ಮತ್ತು 19ರಂದು ಯಂತ್ರ ನಿಲ್ಲಿಸಿ ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಹೊಸೂರು ರಸ್ತೆ ನಿಂತುಹೋಯಿತು. ಕರೆ ಕೊಟ್ಟ ದೊಡ್ಡ ನಾಯಕರಿರಲಿಲ್ಲ. ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.  1848ರ ಪ್ಯಾರಿಸಿನಲ್ಲಿ ‘ಬ್ಲೌಸ್ ತೊಟ್ಟವರು’ ಎಂದಾಗ ಯಾರ ಚಿತ್ರ ಬರುತ್ತಿತ್ತೋ 2016ರ ಬೆಂಗಳೂರಿನಲ್ಲಿ ‘ಗಾರ್ಮೆಂಟ್ಸಿನವರು’ ಎಂದಾಗ ಅಂಥವರದೇ ಚಿತ್ರ ಬಂತು.

ಬ್ಲೌಸ್ ತನ್ನ ಹಳೆಯ ಅರ್ಥವನ್ನು ಕಡಲಾಚೆ ಬಿಟ್ಟು ಬಂದಿತು. ಇಲ್ಲಿ ಅದು ಮಡಿಲಿಗೆ ಬೀಳುವ ಗೌರವವಾಯಿತು, ಇಂಚಿನ ಲೆಕ್ಕವಾಯಿತು, ಮದುವೆಯ ಖರ್ಚಾಯಿತು. ಅದು ಕಳಚಿಟ್ಟ ಅರ್ಥವನ್ನು ಇಲ್ಲಿ ಇನ್ನೊಂದು ಪದ ಎತ್ತಿಕೊಂಡಿತು, ಅದೂ ಯಾವ ಪಂಡಿತರ ಸಹಾಯವೂ ಇಲ್ಲದೆ, ಬಸ್ಸಿಗೆ ಕಾಯುವವರ ಬಾಯಲ್ಲಿ. ಉಡುಪಿನ ಪದಕ್ಕೆ ಅರ್ಥ ಕೊಡುವವರು ಕೊನೆಗೆ ಉಡುಪನ್ನು ಮಾಡುವವರೇ. ಆ ಕೆಲಸಕ್ಕೆ ಸಿಗುವ ಕೂಲಿ ನ್ಯಾಯವಾದದ್ದೇ ಎಂಬ ಪ್ರಶ್ನೆಯನ್ನು ಬಿಟ್ಟು ಪದದ ಬೇರು ಮಾತ್ರ ಹುಡುಕುವುದು ಬಟ್ಟೆಯನ್ನು ಬಿಟ್ಟು ಅಂಗಡಿಯ ಬೋರ್ಡನ್ನು ಮಾತ್ರ ಕೊಂಡು ಬಂದಂತಾಗುತ್ತದೆ.